ನಳಿಗೆಯ ಉದ್ದ, ಪೆಲೆಟ್‌ನ ವೇಗ, ಗುರಿಯ ನಿಖರತೆ: ಏರ್ ರೈಫಲ್ ಆರಿಸುವವರಿಗೆ ಒಂದು ಮಾರ್ಗದರ್ಶಿ

ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆಯಲ್ಲಿ ಬಳಸುವ ಏರ್ ರೈಫಲ್ಲನ್ನು ಮೊದಲ ಸಲ ಹತ್ತಿರದಿಂದ ನೋಡುವವರಿಗೆ ಅದರ ನಳಿಗೆ ಬಹಳ ಉದ್ದವಾಗಿ ಕಾಣುತ್ತದೆ. ಆದರೆ ಪೆಲೆಟ್, ಅಂದರೆ ಏರ್ ರೈಫಲ್‌ನ ಪುಟ್ಟ ಗುಂಡು, ನಿಜವಾಗಿ ಸಾಗುವ ನಳಿಗೆ ಸಾಮಾನ್ಯವಾಗಿ 42 ಸೆಂಟಿಮೀಟರ್ ಆಸುಪಾಸು ಮಾತ್ರ ಇರುತ್ತದೆ. ಅದರಿಂದ ಮುಂದಕ್ಕೆ ಚಾಚಿಕೊಂಡಿರುವುದು ಮುಂಭಾಗದ ಸೈಟನ್ನು, ಅಂದರೆ ಗುರಿ ನೋಡುವ ಸಾಧನವನ್ನು, ಕಣ್ಣಿನಿಂದ ದೂರ ಇರಿಸಲು ಜೋಡಿಸಿದ ಖಾಲಿ ಕೊಳವೆ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಇದರಲ್ಲಿ ಹತ್ತು ಅಂಕದ ಚುಕ್ಕಿಯ ವ್ಯಾಸ ಕೇವಲ ಅರ್ಧ ಮಿಲಿಮೀಟರ್, ಮತ್ತು ಆ ಚುಕ್ಕಿಯನ್ನು ಮತ್ತೆ ಮತ್ತೆ ಮುಟ್ಟುವ ಪೆಲೆಟ್ ನಳಿಗೆಯಿಂದ ಹೊರಡುವ ವೇಗ ಸೆಕೆಂಡಿಗೆ 170ರಿಂದ 175 ಮೀಟರ್. ನಮ್ಮ ಅಂಗಡಿಗಳಲ್ಲಿ ಸಿಗುವ ಎಷ್ಟೋ ಸ್ಪ್ರಿಂಗ್ ಏರ್‌ಗನ್‌ಗಳ ಡಬ್ಬಿಯ ಮೇಲೆ ಅಚ್ಚಾಗಿರುವ ವೇಗ ಇದಕ್ಕಿಂತ ಬಹಳ ಹೆಚ್ಚು.

ಬೆಂಗಳೂರಿನಲ್ಲಿ ಹೊಸದಾಗಿ ಈ ಕ್ರೀಡೆಗೆ ಬರುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: ಉದ್ದ ನಳಿಗೆಯ ರೈಫಲ್ ಕೊಂಡರೆ ವೇಗವೂ ನಿಖರತೆಯೂ ಹೆಚ್ಚುತ್ತವೆಯೇ? ವೇಗದ ಮಟ್ಟಿಗೆ ಉತ್ತರವು ಆ ರೈಫಲ್ ಗಾಳಿಯನ್ನು ಯಾವ ಬಗೆಯಲ್ಲಿ ಒದಗಿಸುತ್ತದೆ ಎಂಬುದನ್ನು ಅವಲಂಬಿಸಿದೆ. ನಿಖರತೆಯ ಮಟ್ಟಿಗೆ ಉದ್ದವು ನೇರವಾಗಿ ಕೊಡುವುದು ಬಹಳ ಕಡಿಮೆ. ಹಣ ಕೊಡುವ ಮೊದಲೇ ಇವೆರಡನ್ನೂ ನೀವೇ ಲೆಕ್ಕ ಹಾಕಿ, ಅಳೆದು, ಪರೀಕ್ಷಿಸಿ ತಿಳಿದುಕೊಳ್ಳುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸುತ್ತೇನೆ.

ಮೊದಲ ಹಂತ: ಗಾಳಿಯ ಮೂಲವನ್ನು ಗುರುತಿಸಿ

ರೈಫಲ್ಲನ್ನು ಕೈಗೆತ್ತಿಕೊಂಡ ಕೂಡಲೇ ನಳಿಗೆಗೆ ಟೇಪು ಹಿಡಿಯಬೇಡಿ. ಪೆಲೆಟ್ಟನ್ನು ತಳ್ಳುವ ಗಾಳಿ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಕೇಳಿ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಸ್ಪ್ರಿಂಗ್ ರೈಫಲ್. ನಳಿಗೆಯನ್ನು ಮಡಚಿ ಅಥವಾ ಸನ್ನೆಯನ್ನು ಎಳೆದು ಬಿಗಿಮಾಡಿದಾಗ ಸ್ಪ್ರಿಂಗ್ ಒತ್ತಲ್ಪಡುತ್ತದೆ. ಟ್ರಿಗರ್ ಎಳೆದಾಗ ಪಿಸ್ಟನ್ ಮುಂದಕ್ಕೆ ಚಿಮ್ಮಿ ಸಿಲಿಂಡರ್‌ನಲ್ಲಿರುವ ಗಾಳಿಯನ್ನು ಒಂದೇ ಏಟಿಗೆ ಹಿಂಡುತ್ತದೆ. ಸ್ಪ್ರಿಂಗ್ ಬದಲು ಅನಿಲ ತುಂಬಿದ ಗ್ಯಾಸ್ ರ‍್ಯಾಮ್ ಇರುವ ರೈಫಲ್‌ಗಳೂ ನಳಿಗೆಯ ಉದ್ದದ ವಿಷಯದಲ್ಲಿ ಇದೇ ಗುಂಪಿಗೆ ಸೇರುತ್ತವೆ. ಎರಡನೆಯದು ಪಿಸಿಪಿ, ಅಂದರೆ ಸುಮಾರು 200 ಬಾರ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡದಲ್ಲಿ ಮೊದಲೇ ಗಾಳಿ ತುಂಬಿಟ್ಟ ಸಿಲಿಂಡರ್ ಇರುವ ರೈಫಲ್. ಮೂರನೆಯದು ಇಂಗಾಲದ ಡೈಆಕ್ಸೈಡ್ ಕ್ಯಾಪ್ಸೂಲ್ ಬಳಸುವಂಥದ್ದು.

ಸ್ಪ್ರಿಂಗ್ ರೈಫಲ್‌ನ ಒಳಗೆ ನಡೆಯುವುದನ್ನು ಅರ್ಥಮಾಡಿಕೊಳ್ಳಲು ಹಳ್ಳಿಯಲ್ಲಿ ಬೆಳೆದವರು ಒಂದು ಆಟಿಕೆಯನ್ನು ನೆನಪಿಸಿಕೊಂಡರೆ ಸಾಕು. ಸಣ್ಣ ಬಿದಿರಿನ ಕೊಳವೆಯ ಎರಡೂ ತುದಿಗೆ ಒಂದೊಂದು ಹಸಿಕಾಯಿ ತುರುಕಿ, ಹಿಂದಿನದನ್ನು ಕಡ್ಡಿಯಿಂದ ರಭಸವಾಗಿ ಒತ್ತಿದರೆ ನಡುವಿನ ಗಾಳಿ ಹಿಂಡಿಕೊಂಡು ಮುಂದಿನ ಕಾಯಿ ಟಪ್ಪೆಂದು ಹಾರುತ್ತಿತ್ತು. ಕೊಳವೆ ಎಷ್ಟೇ ಉದ್ದವಿದ್ದರೂ ಆ ಕಾಯಿಯನ್ನು ತಳ್ಳಲು ಇದ್ದದ್ದು ನಡುವೆ ಸಿಕ್ಕಿಕೊಂಡ ಅಷ್ಟೇ ಗಾಳಿ. ಸ್ಪ್ರಿಂಗ್ ರೈಫಲ್‌ನ ಸ್ಥಿತಿಯೂ ಅದೇ. ಪೆಲೆಟ್ ತನ್ನ ವೇಗದ ಬಹುಪಾಲನ್ನು ನಳಿಗೆಯ ಮೊದಲ 15ರಿಂದ 25 ಸೆಂಟಿಮೀಟರ್ ಒಳಗೇ ಪಡೆದುಬಿಡುತ್ತದೆ, ಆಮೇಲೆ ಉಳಿದ ದೂರದಲ್ಲಿ ಕುಗ್ಗುತ್ತಿರುವ ಒತ್ತಡವೂ ನಳಿಗೆಯ ಗೋಡೆಯ ಘರ್ಷಣೆಯೂ ಪರಸ್ಪರ ಸೆಣಸುತ್ತಿರುತ್ತವೆ.

ಹಾಗಾದರೆ ಮಡಚುವ ಸ್ಪ್ರಿಂಗ್ ರೈಫಲ್‌ಗಳಿಗೆ 45 ಸೆಂಟಿಮೀಟರ್ ನಳಿಗೆಯನ್ನು ಏಕೆ ಕೊಡುತ್ತಾರೆ ಎಂದು ಕೇಳಬಹುದು. ಮುಖ್ಯ ಕಾರಣ ಸನ್ನೆಯ ಬಲ. ಮಡಚುವ ರೈಫಲ್‌ನಲ್ಲಿ ನಳಿಗೆಯೇ ಸನ್ನೆ. ತಿರುಗುಗೂಟದಿಂದ 45 ಸೆಂಟಿಮೀಟರ್ ದೂರದಲ್ಲಿ ಹಿಡಿದು ಎಳೆಯಲು 15 ಕಿಲೋ ಬಲ ಬೇಕಾದರೆ, ಅದೇ ಸ್ಪ್ರಿಂಗನ್ನು 30 ಸೆಂಟಿಮೀಟರ್ ದೂರದಲ್ಲಿ ಹಿಡಿದು ಬಿಗಿಮಾಡಲು ಇಪ್ಪತ್ತೆರಡೂವರೆ ಕಿಲೋ ಬೇಕು. ಒಂದು ಬೆಳಿಗ್ಗೆ ಅರವತ್ತು ಸಲ ಈ ಕೆಲಸ ಮಾಡುವವರಿಗೆ, ಅದರಲ್ಲೂ ಹದಿಹರೆಯದ ಮಕ್ಕಳಿಗೆ, ಈ ವ್ಯತ್ಯಾಸ ಸಣ್ಣದಲ್ಲ. ನಳಿಗೆಯ ಕೆಳಗೆ ಅಥವಾ ಪಕ್ಕದಲ್ಲಿ ಪ್ರತ್ಯೇಕ ಸನ್ನೆ ಇರುವ ಸ್ಪ್ರಿಂಗ್ ರೈಫಲ್‌ಗಳಲ್ಲಿ ಈ ಒತ್ತಾಯ ಇಲ್ಲದ್ದರಿಂದ, ಅಂಥ ಒಳ್ಳೆಯ ರೈಫಲ್‌ಗಳಲ್ಲಿ 30 ಸೆಂಟಿಮೀಟರ್ ನಳಿಗೆ ಸಾಮಾನ್ಯ.

ನಾನು ಮೊದಲ ಸ್ಪ್ರಿಂಗ್ ರೈಫಲ್ ಕೊಳ್ಳುವಾಗ, ನಳಿಗೆ ಉದ್ದವಿದ್ದಷ್ಟೂ ಪೆಟ್ಟು ಜೋರು ಎಂದು ಅಂಗಡಿಯವರು ಖಚಿತವಾಗಿ ಹೇಳಿದ್ದನ್ನು ನಂಬಿ ಹೆಚ್ಚು ಹಣ ಕೊಟ್ಟು ಉದ್ದದ್ದನ್ನೇ ತಂದೆ. ಕೆಲವು ತಿಂಗಳ ನಂತರ ಅದನ್ನೂ ಗೆಳೆಯರೊಬ್ಬರ ಗಿಡ್ಡ ನಳಿಗೆಯ ರೈಫಲ್ಲನ್ನೂ ಒಂದೇ ಬಗೆಯ ಪೆಲೆಟ್ ಹಾಕಿ, ವೇಗ ಅಳೆಯುವ ಉಪಕರಣವಾದ ಕ್ರೋನೋಗ್ರಾಫ್ ಮುಂದೆ ಪರೀಕ್ಷಿಸಿದಾಗ ನನ್ನದರ ವೇಗ ಒಂದಿಷ್ಟೂ ಹೆಚ್ಚಿರಲಿಲ್ಲ. ಆ ಮಾತು ಪಿಸಿಪಿಗೆ ಬಹುಮಟ್ಟಿಗೆ ಹೊಂದುತ್ತದೆ, ಸ್ಪ್ರಿಂಗ್ ರೈಫಲ್‌ಗೆ ಹೊಂದುವುದಿಲ್ಲ ಎಂದು ಅಂದು ಯಾರಾದರೂ ತಿಳಿಸಿದ್ದರೆ ಆ ಹಣದಲ್ಲಿ ಒಳ್ಳೆಯ ಪೆಲೆಟ್‌ಗಳನ್ನು ಕೊಳ್ಳುತ್ತಿದ್ದೆ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಎರಡನೆಯ ಹಂತ: ಗಾಳಿಯ ಲೆಕ್ಕ ಹಾಕಿ

ಇಲ್ಲಿ ಬೇಕಾಗುವುದು ಹೈಸ್ಕೂಲಿನ ಗಣಿತ. 4.5 ಮಿಲಿಮೀಟರ್ ಒಳವ್ಯಾಸದ ನಳಿಗೆಯ ಅಡ್ಡಕೊಯ್ತದ ವಿಸ್ತೀರ್ಣ 15.9 ಚದರ ಮಿಲಿಮೀಟರ್. ಹೀಗಾಗಿ ಪ್ರತಿ 10 ಸೆಂಟಿಮೀಟರ್ ನಳಿಗೆ ಸುಮಾರು 1.6 ಘನ ಸೆಂಟಿಮೀಟರ್ ಜಾಗವನ್ನು ಹಿಡಿಯುತ್ತದೆ. ಈಗ ಒಂದು ಸ್ಪ್ರಿಂಗ್ ರೈಫಲ್‌ನ ಸಿಲಿಂಡರ್ ಒಳವ್ಯಾಸ 26 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 80 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಅದರಲ್ಲಿ ಸುಮಾರು 42 ಘನ ಸೆಂಟಿಮೀಟರ್ ಗಾಳಿ ಹಿಡಿಸುತ್ತದೆ. ಅದರ ತೂಕ ಒಂದು ಗ್ರಾಮಿನ ಇಪ್ಪತ್ತನೇ ಒಂದು ಭಾಗದಷ್ಟೂ ಇಲ್ಲ. ಪಿಸ್ಟನ್ ಮುಂದಿನ ಗೋಡೆಗೆ ತಲುಪುವ ಹೊತ್ತಿಗೆ ಆ ಗಾಳಿಯೆಲ್ಲ ಒಂದೆರಡು ಘನ ಸೆಂಟಿಮೀಟರ್ ಜಾಗಕ್ಕೆ ಹಿಂಡಲ್ಪಟ್ಟಿರುತ್ತದೆ. ಪೆಲೆಟ್ 10 ಸೆಂಟಿಮೀಟರ್ ಮುಂದೆ ಸರಿದಾಗ ಆ ಜಾಗಕ್ಕೆ ಮತ್ತೆ 1.6 ಸೇರುತ್ತದೆ, 20 ಸರಿದಾಗ 3.2. ಒತ್ತಡ ಎಷ್ಟು ಬೇಗ ಇಳಿಯುತ್ತದೆ ಎಂಬುದು ಈ ಅಂಕಿಗಳಿಂದಲೇ ಕಣ್ಣಿಗೆ ಕಟ್ಟುತ್ತದೆ.

ಪಿಸಿಪಿಯ ಲೆಕ್ಕ ಬೇರೆ. ಅಲ್ಲಿ ಹಿಂದೆ ದೊಡ್ಡ ಸಂಗ್ರಹವೇ ಇದೆ, ಕವಾಟ ತೆರೆದಿರುವಷ್ಟು ಹೊತ್ತು ಗಾಳಿ ಹರಿಯುತ್ತಲೇ ಇರುತ್ತದೆ. ಕವಾಟ ಮುಚ್ಚಿದ ಮೇಲೂ ನಳಿಗೆಯೊಳಗಿನ ಗಾಳಿ ಹಿಗ್ಗುತ್ತಾ ಪೆಲೆಟ್ಟನ್ನು ತಳ್ಳುತ್ತದೆ. ಒತ್ತಡವು ಕೊನೆಯವರೆಗೂ ಒಂದೇ ಸಮನಾಗಿದ್ದರೆ ಪೆಲೆಟ್‌ಗೆ ಸಿಗುವ ಶಕ್ತಿ ನಳಿಗೆಯ ಉದ್ದಕ್ಕೆ ಅನುಪಾತದಲ್ಲಿರುತ್ತದೆ, ವೇಗವು ಉದ್ದದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಆ ಲೆಕ್ಕದಲ್ಲಿ ನಳಿಗೆ 30ರಿಂದ 45 ಸೆಂಟಿಮೀಟರ್‌ಗೆ ಏರಿದರೆ ವೇಗ ಶೇಕಡಾ 22ರಷ್ಟು ಹೆಚ್ಚಬೇಕು. 45ರಿಂದ 60ಕ್ಕೆ ಏರಿದರೆ ಶೇಕಡಾ 15ರಷ್ಟು. ಇದು ಮೇಲ್ಮಿತಿ. ವಾಸ್ತವದಲ್ಲಿ ಒತ್ತಡ ಇಳಿಯುತ್ತಲೇ ಹೋಗುವುದರಿಂದ ಸಿಗುವುದು ಇದಕ್ಕಿಂತ ಕಡಿಮೆ. ಯಾರಾದರೂ ಇದಕ್ಕಿಂತ ಹೆಚ್ಚಿನ ಲಾಭವನ್ನು ನಳಿಗೆಯ ಉದ್ದದ ಹೆಸರಿನಲ್ಲಿ ಹೇಳಿದರೆ, ಉದ್ದದ ಜೊತೆಗೆ ಒತ್ತಡವನ್ನೋ ಕವಾಟವನ್ನೋ ಬದಲಿಸಿದ್ದಾರೆ ಎಂದು ತಿಳಿಯಿರಿ.

ಪಿಸಿಪಿಯಲ್ಲಿ ಉದ್ದ ನಳಿಗೆಯ ಇನ್ನೊಂದು ಪ್ರಯೋಜನದ ಬಗ್ಗೆ ಹೆಚ್ಚು ಜನ ಮಾತನಾಡುವುದಿಲ್ಲ. ಅದೇ ವೇಗವನ್ನು ಕಡಿಮೆ ಗಾಳಿಯಲ್ಲಿ ಪಡೆಯಬಹುದು. ಗಿಡ್ಡ ನಳಿಗೆಯಲ್ಲಿ ಪೆಲೆಟ್ ಬೇಗ ಹೊರಬೀಳುವುದರಿಂದ ಇನ್ನೂ ಒತ್ತಡವಿರುವ ಗಾಳಿ ಅದರ ಹಿಂದೆಯೇ ವ್ಯರ್ಥವಾಗಿ ಹೊರಹೋಗುತ್ತದೆ, ಶಬ್ದವೂ ಜೋರಾಗುತ್ತದೆ. ಕೈಪಂಪಿನಿಂದ ಸಿಲಿಂಡರ್ ತುಂಬುವವರಿಗೆ ಒಂದು ಸಲದ ತುಂಬುವಿಕೆಯಲ್ಲಿ ಹೆಚ್ಚು ಪೆಲೆಟ್ ಹಾರಿಸಲು ಸಾಧ್ಯವಾಗುವುದು ವೇಗದ ಹೆಚ್ಚಳಕ್ಕಿಂತ ದೊಡ್ಡ ಲಾಭ ಎಂಬುದು ನನ್ನ ಅಭಿಪ್ರಾಯ.

ಕ್ಯಾಪ್ಸೂಲ್ ಬಳಸುವ ರೈಫಲ್‌ಗಳಿಗೂ ಉದ್ದ ನಳಿಗೆ ಒಪ್ಪುತ್ತದೆ, ಆದರೆ ಅಲ್ಲಿ ಉದ್ದಕ್ಕಿಂತ ಹವೆಯೇ ದೊಡ್ಡ ಯಜಮಾನ. ಇಂಗಾಲದ ಡೈಆಕ್ಸೈಡ್‌ನ ಒತ್ತಡ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 51 ಬಾರ್, 30 ಡಿಗ್ರಿಯಲ್ಲಿ ಸುಮಾರು 72. ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಮತ್ತು ಏಪ್ರಿಲ್ ಮಧ್ಯಾಹ್ನ ಒಂದೇ ರೈಫಲ್ ಎರಡು ಬೇರೆ ರೈಫಲ್‌ಗಳಂತೆ ವರ್ತಿಸುವುದು ಇದರಿಂದಲೇ.

ಮೂರನೆಯ ಹಂತ: ಕಾನೂನಿನ ಗೆರೆ ಎಲ್ಲಿದೆ ಎಂದು ನೋಡಿಕೊಳ್ಳಿ

ವೇಗ ಹೆಚ್ಚಿಸುವ ಆಸೆಗೆ ಕಾನೂನು ಒಂದು ಮಿತಿ ಹಾಕಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್ ಮೀರಿದ ಅಥವಾ ಪೆಲೆಟ್ ಹೊರಡುವಾಗಿನ ಶಕ್ತಿ 20 ಜೂಲ್ ಮೀರಿದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕು. ಆದ್ದರಿಂದ ಶಕ್ತಿಯನ್ನು ಲೆಕ್ಕ ಹಾಕುವುದನ್ನು ಕಲಿತಿರಬೇಕು. ಪೆಲೆಟ್‌ನ ತೂಕವನ್ನು ಕಿಲೋಗ್ರಾಮಿನಲ್ಲಿ ಬರೆದು, ವೇಗದ ವರ್ಗದಿಂದ ಗುಣಿಸಿ, ಎರಡರಿಂದ ಭಾಗಿಸಿದರೆ ಜೂಲ್ ಸಿಗುತ್ತದೆ. ಸ್ಪರ್ಧೆಯ 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 7.7 ಜೂಲ್. 0.51 ಗ್ರಾಂ ಪೆಲೆಟ್ ಸೆಕೆಂಡಿಗೆ 280 ಮೀಟರ್ ಮುಟ್ಟಿದರೆ ಸರಿಯಾಗಿ 20 ಜೂಲ್ ಆಗುತ್ತದೆ.

ಈ 280ರ ಆಸುಪಾಸಿನ ಅಂಕಿ ಇನ್ನೊಂದು ಕಾರಣಕ್ಕೂ ನೆನಪಿಡತಕ್ಕದ್ದು. 20 ಡಿಗ್ರಿ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ನಡು ಸಣ್ಣಗಾಗಿ, ಹಿಂಭಾಗ ಲಂಗದಂತೆ ಅಗಲವಾಗಿರುವ ಸಾಮಾನ್ಯ ಪೆಲೆಟ್ ಶಬ್ದದ ವೇಗವನ್ನು ಸಮೀಪಿಸಿದಂತೆ ಗಾಳಿಯ ಅಲೆಗಳ ಏಟಿಗೆ ಸಿಕ್ಕಿ ಓಲಾಡತೊಡಗುತ್ತದೆ. ಡಬ್ಬಿಯ ಮೇಲೆ ಅಚ್ಚಾದ ಬಹಳ ದೊಡ್ಡ ವೇಗಗಳನ್ನು ಹೆಚ್ಚಾಗಿ ಸೀಸವಲ್ಲದ, ತೀರಾ ಹಗುರವಾದ ಪೆಲೆಟ್‌ನಿಂದ ಅಳೆದಿರುತ್ತಾರೆ. ಗುರಿಯ ಅಭ್ಯಾಸಕ್ಕೆ ಆ ಅಂಕಿಯಿಂದ ಪ್ರಯೋಜನವಿಲ್ಲ.

ಇದೇ ಹಂತದಲ್ಲಿ ಒಂದು ಎಚ್ಚರಿಕೆ. ಉದ್ದ ನಳಿಗೆ ಬೇಡವೆನಿಸಿದರೆ ಪೀಣ್ಯದ ಯಾವುದಾದರೂ ಲೇತ್ ಶಾಪಿನಲ್ಲಿ ಕತ್ತರಿಸಿದರಾಯಿತು ಎಂಬ ಸಲಹೆಯನ್ನು ದಯವಿಟ್ಟು ಕೇಳಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಲೈಸೆನ್ಸ್ ಇಲ್ಲದೆ ಬಂದೂಕಿನ ನಳಿಗೆಯನ್ನು ಗಿಡ್ಡ ಮಾಡುವುದನ್ನು ನಿಷೇಧಿಸುತ್ತದೆ, ಮತ್ತು ಅದೇ ಕಾಯ್ದೆಯ ವ್ಯಾಖ್ಯಾನವು ಸ್ಫೋಟಕದಿಂದ ಮಾತ್ರವಲ್ಲದೆ ಬೇರೆ ಬಗೆಯ ಶಕ್ತಿಯಿಂದ ಗುಂಡು ಹಾರಿಸುವ ಆಯುಧವನ್ನೂ ಬಂದೂಕೆಂದೇ ಪರಿಗಣಿಸುತ್ತದೆ. ಕಾನೂನನ್ನು ಪಕ್ಕಕ್ಕಿಟ್ಟು ನೋಡಿದರೂ ಕತ್ತರಿಸುವುದರಿಂದ ನಿಖರತೆ ಕೆಡುವ ಸಾಧ್ಯತೆಯೇ ಹೆಚ್ಚು. ಅದರ ಕಾರಣ ಮುಂದೆ ಬರುತ್ತದೆ.

ನಾಲ್ಕನೆಯ ಹಂತ: ವೇಗವನ್ನು ಬೆಂಗಳೂರಿನಲ್ಲೇ ಅಳೆಯಿರಿ

ತಯಾರಕರು ಬೇರೆಲ್ಲೋ ಅಳೆದ ವೇಗ ನಿಮ್ಮ ರೈಫಲ್‌ನಲ್ಲಿ ಇಲ್ಲಿ ಸಿಗಬೇಕೆಂದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಶೇಕಡಾ 10ರಷ್ಟು ತೆಳು. ಸ್ಪ್ರಿಂಗ್ ರೈಫಲ್ ತನ್ನ ಸಿಲಿಂಡರಿಗೆ ಸುತ್ತಲಿನ ಗಾಳಿಯನ್ನೇ ಎಳೆದುಕೊಳ್ಳುವುದರಿಂದ ಇಲ್ಲಿ ಅದಕ್ಕೆ ಸಿಗುವ ಗಾಳಿಯೇ ಕಡಿಮೆ, ವೇಗವೂ ಸಾಮಾನ್ಯವಾಗಿ ತುಸು ಕಡಿಮೆ. ಪ್ರತಿಯಾಗಿ, ಹೊರಟ ಪೆಲೆಟ್‌ಗೆ ಎದುರಾಗುವ ಗಾಳಿಯ ತಡೆಯೂ ಇಲ್ಲಿ ಅಷ್ಟೇ ಪ್ರಮಾಣದಲ್ಲಿ ಕಡಿಮೆ.

ಮೊದಲು ನಳಿಗೆಯ ನಿಜವಾದ ಉದ್ದವನ್ನು ತಿಳಿದುಕೊಳ್ಳಿ. ರೈಫಲ್‌ನಲ್ಲಿ ಪೆಲೆಟ್ ಇಲ್ಲ, ಸ್ಪ್ರಿಂಗ್ ಬಿಗಿಯಾಗಿಲ್ಲ ಎಂಬುದನ್ನು ಎರಡು ಸಲ ಖಚಿತಪಡಿಸಿಕೊಂಡ ಮೇಲೆ, ಪೆಲೆಟ್ ಕೂರುವ ಬಾಯಿಗೆ ಸಮವಾಗಿ ನಿಲ್ಲುವಂತೆ ಒಂದು ಪ್ಲಾಸ್ಟಿಕ್ ಅಥವಾ ಮರದ ಕಡ್ಡಿಯನ್ನು ನಳಿಗೆಯೊಳಗೆ ತೂರಿಸಿ, ಮುಂದಿನ ತುದಿಯಲ್ಲಿ ಗುರುತು ಹಾಕಿ ಅಳೆಯಿರಿ. ಹೊರಗಿನ ತೋರಿಕೆ ಇಲ್ಲಿ ಮೋಸ ಮಾಡುತ್ತದೆ. ಮುಂತುದಿಯ ದಪ್ಪ ಭಾಗ ಹಲವು ರೈಫಲ್‌ಗಳಲ್ಲಿ ಬರೀ ಹಿಡಿಕೆ.

ಕ್ರೋನೋಗ್ರಾಫ್ ಸ್ವಂತದ್ದಿಲ್ಲದಿದ್ದರೆ ಅಭ್ಯಾಸ ಮಾಡುವ ರೇಂಜಿನಲ್ಲಿ ಯಾರ ಬಳಿಯಾದರೂ ಇರುತ್ತದೆ, ಕೇಳಲು ಸಂಕೋಚ ಬೇಡ. ಬೆಳಕಿನ ಸಂವೇದಕಗಳಿರುವ ಉಪಕರಣವಾದರೆ ಟ್ಯೂಬ್‌ಲೈಟಿನ ಕೆಳಗೆ ಇಡಬೇಡಿ, ಅದರ ಮಿನುಗಾಟದಿಂದ ತಪ್ಪು ಅಂಕಿಗಳು ಬರುತ್ತವೆ. ಪೆಲೆಟ್‌ಗಳನ್ನು ತೂಗಲು ಒಡವೆ ತೂಗುವಂಥ ಡಿಜಿಟಲ್ ತಕ್ಕಡಿ, ಅಳತೆಗೆ ವರ್ನಿಯರ್ ಕ್ಯಾಲಿಪರ್ ಬೇಕು, ಎರಡೂ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಒಂದೇ ಡಬ್ಬಿಯ ಪೆಲೆಟ್‌ಗಳಲ್ಲಿ ಮೊದಲ ಹತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಾರಿಸಿ, ಅನಂತರದ ಹತ್ತರ ವೇಗವನ್ನು ಒಂದೊಂದಾಗಿ ಬರೆದುಕೊಳ್ಳಿ. ಸರಾಸರಿಯನ್ನೂ, ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗಗಳ ನಡುವಿನ ಅಂತರವನ್ನೂ ಗುರುತಿಸಿ.

ಎರಡನೆಯ ಅಂಕಿಯೇ ಅಮೂಲ್ಯ. ಸೆಕೆಂಡಿಗೆ 170 ಮೀಟರ್ ವೇಗದ ಪೆಲೆಟ್ 10 ಮೀಟರ್ ಸಾಗುವಷ್ಟರಲ್ಲಿ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಸುಮಾರು 17 ಮಿಲಿಮೀಟರ್ ಕೆಳಗಿಳಿಯುತ್ತದೆ. 200 ಮೀಟರ್ ವೇಗದ್ದು 12 ಮಿಲಿಮೀಟರಿಗಿಂತ ತುಸು ಹೆಚ್ಚು. ಈ ಐದು ಮಿಲಿಮೀಟರಿನ ವ್ಯತ್ಯಾಸವನ್ನು ಸೈಟಿನ ತಿರುಪನ್ನು ಕೆಲವು ಕ್ಲಿಕ್ ತಿರುಗಿಸಿ ಸರಿಪಡಿಸಿದರೆ ಕೆಲಸ ಮುಗಿಯಿತು. ಆದರೆ ಒಂದು ಪೆಲೆಟ್ 170ರಲ್ಲೂ ಮುಂದಿನದು 175ರಲ್ಲೂ ಹೊರಟರೆ ಅವೆರಡೂ ಕಾಗದದ ಮೇಲೆ 1 ಮಿಲಿಮೀಟರ್ ಮೇಲೆ ಕೆಳಗೆ ಬೀಳುತ್ತವೆ, 25 ಮೀಟರಿಗೆ ಆ ಅಂತರ 6 ಮಿಲಿಮೀಟರಿಗೆ ಬೆಳೆಯುತ್ತದೆ, ಮತ್ತು ಅದನ್ನು ಯಾವ ತಿರುಪೂ ಸರಿಪಡಿಸಲಾರದು. ಉದ್ದ ನಳಿಗೆಯಿಂದ ಸರಾಸರಿ ವೇಗ ಹತ್ತು ಮೀಟರ್ ಹೆಚ್ಚಿತೆಂದು ಸಂತೋಷಪಡುವ ಮೊದಲು ಈ ಅಂತರ ಎಷ್ಟಿದೆ ಎಂದು ನೋಡಬೇಕು.

ಐದನೆಯ ಹಂತ: ನಿಖರತೆಗೆ ಏನು ನೋಡಬೇಕು

ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಪದಕ ಗೆದ್ದರು. ಆ ಬಗೆಯ ಪಿಸ್ತೂಲಿನ ನಳಿಗೆ ರೈಫಲ್‌ನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿದ್ದೀತು. ಆದರೂ ಒಳ್ಳೆಯ ಸ್ಪರ್ಧಾ ಪಿಸ್ತೂಲನ್ನು ಬಿಗಿಯಾಗಿ ಕಟ್ಟಿ ಹಾರಿಸಿದರೆ ಪೆಲೆಟ್‌ಗಳು ಬಹುತೇಕ ಒಂದೇ ತೂತಿನಲ್ಲಿ ಹೋಗುತ್ತವೆ. ನಳಿಗೆ ಗಿಡ್ಡವಾದ ಮಾತ್ರಕ್ಕೆ ಪೆಲೆಟ್ ದಾರಿ ತಪ್ಪುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೆ ಉದ್ದ ನಳಿಗೆಯ ರೈಫಲ್‌ನಿಂದ ನಿಜವಾಗಿಯೂ ಚೆನ್ನಾಗಿ ಗುರಿ ಸಾಧಿಸಿದವರ ಅನುಭವವೂ ಸುಳ್ಳಲ್ಲ. ದುರ್ಬೀನು ಇಲ್ಲದೆ ಲೋಹದ ಸೈಟುಗಳಿಂದ ಗುರಿ ನೋಡುವಾಗ ಎರಡು ಸೈಟುಗಳ ನಡುವಿನ ದೂರವೇ ನಿರ್ಣಾಯಕ. ಕಣ್ಣು ಸೈಟನ್ನು ಹತ್ತನೇ ಒಂದು ಮಿಲಿಮೀಟರ್ ಮಾತ್ರ ತಪ್ಪಾಗಿ ಜೋಡಿಸಿತೆಂದು ತಿಳಿಯೋಣ. ಸೈಟುಗಳ ನಡುವೆ 40 ಸೆಂಟಿಮೀಟರ್ ಇದ್ದರೆ ಆ ತಪ್ಪು 10 ಮೀಟರ್ ದೂರದ ಕಾಗದದ ಮೇಲೆ 2.5 ಮಿಲಿಮೀಟರ್ ಆಗುತ್ತದೆ. ಸ್ಪರ್ಧೆಯ ಕಾಗದದಲ್ಲಿ ಒಂದು ವೃತ್ತದಿಂದ ಇನ್ನೊಂದಕ್ಕಿರುವ ದೂರ ಸರಿಯಾಗಿ ಅಷ್ಟೇ, ಅಂದರೆ ಒಂದು ಅಂಕ ಹೋಯಿತು. ಅಂತರ 80 ಸೆಂಟಿಮೀಟರ್ ಆದರೆ ಅದೇ ತಪ್ಪು 1.25 ಮಿಲಿಮೀಟರಿಗೆ ಇಳಿಯುತ್ತದೆ. ಇಲ್ಲಿ ಅಂಕ ಉಳಿಸಿದ್ದು ಸೈಟುಗಳ ಅಂತರ. ನಳಿಗೆ ಆ ಸೈಟನ್ನು ಹೊತ್ತುಕೊಂಡಿತ್ತು, ಅಷ್ಟೆ. ಹಾಗಾಗಿಯೇ ಸ್ಪರ್ಧೆಯ ರೈಫಲ್ ತಯಾರಕರು ಮುಂದಕ್ಕೆ ಖಾಲಿ ಕೊಳವೆಯನ್ನು ಜೋಡಿಸುತ್ತಾರೆ, ಮತ್ತು ನಿಯಮವೂ ಒಟ್ಟು ಉದ್ದವನ್ನು, ಅಂದರೆ ಯಂತ್ರಭಾಗದ ಹಿಂತುದಿಯಿಂದ ಮುಂತುದಿಯವರೆಗಿನ ಅಳತೆಯನ್ನು, 850 ಮಿಲಿಮೀಟರಿಗೆ ಮಿತಿಗೊಳಿಸಿದೆ. ನೀವು ದುರ್ಬೀನು ಬಳಸುವವರಾದರೆ ಉದ್ದದ ಈ ಲಾಭ ನಿಮಗೆ ಇಲ್ಲವೇ ಇಲ್ಲ.

ಉದ್ದ ನಳಿಗೆಯಲ್ಲಿ ಪೆಲೆಟ್ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಕೈ ಅಲುಗಿ ಗುರಿ ತಪ್ಪುತ್ತದೆ ಎಂಬ ಮಾತನ್ನೂ ಲೆಕ್ಕಕ್ಕೆ ಇಳಿಸಿ ನೋಡಬೇಕು. ಕೊನೆಯ 15 ಸೆಂಟಿಮೀಟರನ್ನು ಸೆಕೆಂಡಿಗೆ 200 ಮೀಟರ್ ವೇಗದ ಪೆಲೆಟ್ ದಾಟಲು ಒಂದು ಮಿಲಿಸೆಕೆಂಡಿನ ಮುಕ್ಕಾಲು ಭಾಗ ಸಾಕು. ಪಿಸಿಪಿಯಲ್ಲಿ ಹಿಂದಕ್ಕೆ ಒದೆಯುವಿಕೆ ಬಹಳ ಕಡಿಮೆ. ನಿಧಾನವಾಗಿ ತೂಗಾಡುವ ಕೈ ಅಷ್ಟು ಹೊತ್ತಿನಲ್ಲಿ ಗುರಿಯನ್ನು ಗುರುತಿಸಲಾಗುವಷ್ಟು ಸರಿಸಲಾರದು. ಸ್ಪ್ರಿಂಗ್ ರೈಫಲ್‌ನಲ್ಲಿ ಹಾಗಲ್ಲ. ಅಲ್ಲಿ ಭಾರವಾದ ಪಿಸ್ಟನ್ ಮುಂದೆ ಧಾವಿಸುವಾಗ ಇಡೀ ರೈಫಲ್ ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ತುದಿ ಮುಟ್ಟಿದಾಗ ಮತ್ತೆ ಮುಂದಕ್ಕೆ ಜಗ್ಗುತ್ತದೆ, ಮತ್ತು ಪೆಲೆಟ್ ಈ ಗದ್ದಲದ ನಡುವೆಯೇ ನಳಿಗೆಯಿಂದ ಹೊರಬೀಳಬೇಕು. ರೈಫಲ್ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಸರಿಯುತ್ತಿದ್ದರೆ ಆ ಮುಕ್ಕಾಲು ಮಿಲಿಸೆಕೆಂಡಿನಲ್ಲಿ ಮುಕ್ಕಾಲು ಮಿಲಿಮೀಟರ್ ಸರಿದಿರುತ್ತದೆ, ಅದರ ಸ್ವಲ್ಪ ಪಾಲು ನಳಿಗೆಯ ಬಾಯಿಯನ್ನು ಮೇಲಕ್ಕೋ ಪಕ್ಕಕ್ಕೋ ತಿರುಗಿಸಿದರೂ ಕಾಗದದ ಮೇಲೆ ಎದ್ದು ಕಾಣುತ್ತದೆ. ಆದ್ದರಿಂದ ಸ್ಪ್ರಿಂಗ್ ರೈಫಲ್ಲನ್ನು ಬಿಗಿಯಾಗಿ ಹಿಡಿಯದೆ, ಮುಂಗೈಯಿಂದ ಹಿಡಿಯುವ ಅದರ ಕೆಳಭಾಗದ ಪಟ್ಟಿಯನ್ನು ತೆರೆದ ಅಂಗೈ ಮೇಲೆ ಸುಮ್ಮನೆ ಕೂರಿಸಿ, ಪ್ರತಿ ಸಲವೂ ಅದು ಒಂದೇ ರೀತಿ ಸರಿಯಲು ಬಿಡಬೇಕು. ಈ ಹಿಡಿತವನ್ನು ಕಲಿಯಲು ನನಗೆ ಒಂದು ವರ್ಷವೇ ಹಿಡಿಯಿತು, ಆದರೆ ಬೇರೆ ಯಾವ ಬದಲಾವಣೆಯೂ ಕಾಗದದ ಮೇಲೆ ನನ್ನ ಪೆಲೆಟ್‌ಗಳು ಮಾಡುವ ತೂತುಗಳ ಗುಂಪನ್ನು ಅಷ್ಟು ಕಿರಿದುಮಾಡಲಿಲ್ಲ.

ಉದ್ದಕ್ಕೆ ತೆರಬೇಕಾದ ಬೆಲೆಯೂ ಇದೆ. ಒಂದೇ ದಪ್ಪದ ಎರಡು ನಳಿಗೆಗಳ ತುದಿಗೆ ಒಂದೇ ಬಲ ಹಾಕಿದರೆ, 45 ಸೆಂಟಿಮೀಟರಿನದು 30 ಸೆಂಟಿಮೀಟರಿನದಕ್ಕಿಂತ ಸುಮಾರು 3.4 ಪಟ್ಟು ಹೆಚ್ಚು ಬಾಗುತ್ತದೆ, ಏಕೆಂದರೆ ಬಾಗುವಿಕೆ ಉದ್ದದ ಘನಕ್ಕೆ ಅನುಪಾತದಲ್ಲಿರುತ್ತದೆ. ತೆಳುವಾದ ಉದ್ದ ನಳಿಗೆಗಿಂತ ದಪ್ಪವಾದ ಗಿಡ್ಡ ನಳಿಗೆ ಎಷ್ಟೋ ಮೇಲು.

ಇನ್ನು ನಳಿಗೆಯ ಒಳಗಿನ ಗುಣ. ಒಂದು ಪೆಲೆಟ್ಟನ್ನು ಕಡ್ಡಿಯಿಂದ ನಿಧಾನವಾಗಿ ಹಿಂದಿನಿಂದ ಮುಂದಕ್ಕೆ ತಳ್ಳುತ್ತಾ ಹೋಗಿ. ಒಳ್ಳೆಯ ನಳಿಗೆಯಲ್ಲಿ ತಡೆ ಒಂದೇ ಸಮನಾಗಿರುತ್ತದೆ. ಹಲವು ನಳಿಗೆಗಳಲ್ಲಿ ಕೊನೆಯ ಎರಡು ಮೂರು ಸೆಂಟಿಮೀಟರಿನಲ್ಲಿ ಮಾತ್ರ ಸ್ವಲ್ಪ ಬಿಗಿಯಾಗುತ್ತದೆ. ಆ ಬಿಗಿತವನ್ನು ತಯಾರಕರು ಬೇಕೆಂದೇ ಮಾಡಿರುತ್ತಾರೆ, ಪೆಲೆಟ್ ಹೊರಡುವ ಮುನ್ನ ಪ್ರತಿ ಸಲವೂ ಒಂದೇ ಗಾತ್ರಕ್ಕೆ ಬರಲೆಂದು. ನಳಿಗೆಯನ್ನು ಕತ್ತರಿಸಿದವರು ಮೊದಲು ಕಳೆದುಕೊಳ್ಳುವುದು ಈ ಭಾಗವನ್ನೇ. ನಡುವೆ ಎಲ್ಲೋ ಸಡಿಲವಾಗಿ ಮತ್ತೆ ಬಿಗಿಯಾದರೆ ಆ ರೈಫಲ್ಲನ್ನು ಬಿಟ್ಟುಬಿಡಿ. ಬಳಿಕ ನಳಿಗೆಯ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ. ಪೆಲೆಟ್ ಕೊನೆಯದಾಗಿ ಮುಟ್ಟುವ ಆ ಅಂಚಿನಲ್ಲಿ ಒಂದು ಕಡೆ ಸಣ್ಣ ಗೀರು ಇದ್ದರೂ ಹಿಂದಿನ ಗಾಳಿ ಆ ಕಡೆಯಿಂದ ಮೊದಲು ನುಗ್ಗಿ ಪೆಲೆಟ್ಟನ್ನು ಓರೆ ಮಾಡುತ್ತದೆ. ಉಕ್ಕಿನ ಕಡ್ಡಿಯನ್ನು ಬಾಯಿಯ ಕಡೆಯಿಂದ ತೂರಿಸಿ ಸ್ವಚ್ಛ ಮಾಡುವ ಅಭ್ಯಾಸವೇ ಈ ಗೀರಿಗೆ ಸಾಮಾನ್ಯ ಕಾರಣ.

ಆರನೆಯ ಹಂತ: ಕಾಗದದ ಮೇಲೆ ಹೋಲಿಸಿ

ಪರೀಕ್ಷೆಯನ್ನು ರೇಂಜಿನಲ್ಲೇ ಮಾಡಿ. ಜಯನಗರವಾಗಲಿ ಯಲಹಂಕವಾಗಲಿ, ಮನೆಯ ತಾರಸಿಯಿಂದ ಹಾರಿದ ಪೆಲೆಟ್ ನೂರಾರು ಮೀಟರ್ ಹೋಗಬಲ್ಲದು, ನಡುವೆ ಎಷ್ಟು ಕಿಟಕಿಗಳು, ಎಷ್ಟು ಮಕ್ಕಳು ಇದ್ದಾರೆಂದು ಯೋಚಿಸಿ. ಹಕ್ಕಿ, ಪ್ರಾಣಿಗಳ ಮೇಲೆ ಗುರಿಯಿಡುವುದು ಕ್ರೌರ್ಯ, ಮತ್ತು ವನ್ಯಜೀವಿಗಳ ಬೇಟೆ 1972ರ ಕಾಯ್ದೆಯಡಿ ಅಪರಾಧ. ರೈಫಲ್ಲನ್ನು ಮುಚ್ಚಿದ ಪೆಟ್ಟಿಗೆಯಲ್ಲಿ, ಖರೀದಿಯ ರಸೀದಿಯೊಂದಿಗೆ ಒಯ್ಯಿರಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿ, ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ಸೋಪಿನಿಂದ ತೊಳೆಯಿರಿ.

ಹೋಲಿಸಬೇಕಾದ ಎರಡು ರೈಫಲ್‌ಗಳಿಗೂ ಒಂದೇ ಡಬ್ಬಿಯ ಪೆಲೆಟ್, ಒಂದೇ ದಿನ, ಒಂದೇ ದೂರ, ಸಾಧ್ಯವಾದರೆ ಒಂದೇ ಬಗೆಯ ಸೈಟು ಇರಲಿ. ಮೆತ್ತನೆಯ ಚೀಲದ ಮೇಲೆ ಆಧಾರ ಕೊಟ್ಟು ತಲಾ ಹತ್ತು ಪೆಲೆಟ್‌ಗಳ ಮೂರು ಗುಂಪುಗಳನ್ನು ಹಾರಿಸಿ. ಮೂರೋ ಐದೋ ಹಾರಿಸಿ ಚಂದದ ಗುಂಪು ಬಂತೆಂದು ನಿಲ್ಲಿಸಿದರೆ ಅದು ಅದೃಷ್ಟವೋ ರೈಫಲ್‌ನ ಗುಣವೋ ತಿಳಿಯುವುದಿಲ್ಲ. ಪ್ರತಿ ಗುಂಪಿನಲ್ಲಿ ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಕ್ಯಾಲಿಪರ್‌ನಿಂದ ಅಳೆದು, ಅದರಲ್ಲಿ 4.5 ಮಿಲಿಮೀಟರ್ ಕಳೆಯಿರಿ. ಆಮೇಲೆ ಪೆಲೆಟ್ ಬದಲಿಸಿ ಮತ್ತೆ ಇದೇ ಕ್ರಮವನ್ನು ಪಾಲಿಸಿ. ಪೆಲೆಟ್‌ನ ತಲೆಯ ಗಾತ್ರ 4.49, 4.50, 4.51, 4.52 ಹೀಗೆ ನೂರನೇ ಒಂದು ಮಿಲಿಮೀಟರಿನ ವ್ಯತ್ಯಾಸದಲ್ಲಿ ಸಿಗುತ್ತದೆ, ಮತ್ತು ನಿಮ್ಮ ನಳಿಗೆಗೆ ಒಪ್ಪುವ ಗಾತ್ರ ಸಿಕ್ಕಾಗ ಗುಂಪು ಕಿರಿದಾಗುವುದನ್ನು ನೋಡಿದರೆ 15 ಸೆಂಟಿಮೀಟರ್ ಹೆಚ್ಚಿನ ನಳಿಗೆಗೆ ಏಕೆ ಹಣ ಕೊಡಬೇಕಿತ್ತು ಎಂದು ನಿಮಗೇ ಅನಿಸಬಹುದು.

ಕೊನೆಗೆ ಕೊಳ್ಳುವ ತೀರ್ಮಾನ. ಮಡಚುವ ಸ್ಪ್ರಿಂಗ್ ರೈಫಲ್ ಆದರೆ ನಿಮ್ಮ ಅಥವಾ ನಿಮ್ಮ ಮಗಳ ಕೈ ಹತ್ತು ಸಲ ಆಯಾಸವಿಲ್ಲದೆ ಬಿಗಿಮಾಡಬಲ್ಲಷ್ಟು ಉದ್ದದ್ದನ್ನು ಆರಿಸಿ, ವೇಗವನ್ನು ಮರೆತುಬಿಡಿ. ಪಿಸಿಪಿಯಲ್ಲಿ ದುರ್ಬೀನು ಬಳಸುವುದಾದರೆ 40ರಿಂದ 50 ಸೆಂಟಿಮೀಟರ್ ನಡುವಿನದು ಗಾಳಿಯ ಮಿತವ್ಯಯಕ್ಕೂ ಹಿಡಿತಕ್ಕೂ ಹೊಂದುತ್ತದೆಂಬುದು ನನ್ನ ಅನುಭವ. 10 ಮೀಟರ್ ಸ್ಪರ್ಧೆಗೆ ತಯಾರಾಗುವವರು ನಳಿಗೆಯ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ. ತರಬೇತುದಾರರೊಂದಿಗೆ ಕುಳಿತು ಸೈಟುಗಳ ಅಂತರವನ್ನು, ಐದೂವರೆ ಕಿಲೋ ಮೀರದ ಒಟ್ಟು ತೂಕವನ್ನು ಮತ್ತು ಆ ತೂಕ ಎಡಗೈ ಮೇಲೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಸರಿಹೊಂದಿಸಿಕೊಳ್ಳಿ. ಅಳತೆಗಳನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ದಿನಾಂಕ, ಹವೆ, ಪೆಲೆಟ್‌ನ ತೂಕ ಮತ್ತು ತಲೆಯ ಗಾತ್ರದೊಂದಿಗೆ ಬರೆದಿಡಿ. ಮುಂದಿನ ಡಬ್ಬಿ ಪೆಲೆಟ್ ಕೊಳ್ಳಲು ಹೋಗುವಾಗ ಆ ನೋಟುಬುಕ್ ಜೊತೆಯಲ್ಲಿರಲಿ.